ಸೇರಿಸಿದರೂ ಟ್ರಿಮ್, ಕತ್ತರಿಸಿದರೂ ಟ್ರಿಮ್

ಸಲೂನಿನ ಕುರ್ಚಿಯಲ್ಲಿ ಕುಳಿತು 'ಸ್ವಲ್ಪ ಟ್ರಿಮ್ ಮಾಡಿ' ಎನ್ನುವಾಗ ನಮ್ಮ ಮನಸ್ಸಿನಲ್ಲಿರುವುದು ಕತ್ತರಿ. ಆದರೆ ಈ ಪದ ಹುಟ್ಟಿದಾಗ ಅದರಲ್ಲಿ ಕತ್ತರಿಯೇ ಇರಲಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದರ ಮೂಲರೂಪಕ್ಕೆ ಗಟ್ಟಿ ಮಾಡು, ಭದ್ರಪಡಿಸು ಎಂದರ್ಥ. 16ನೇ ಶತಮಾನದ ಹೊತ್ತಿಗೆ ಅದು ಹಡಗನ್ನು ಪಯಣಕ್ಕೆ ಅಣಿಗೊಳಿಸುವ, ಉಡುಪಿಗೆ ಅಂಚು ಕಟ್ಟುವ, ಗಡ್ಡವನ್ನು ಒಪ್ಪ ಮಾಡುವ ಮಾತಾಯಿತು. ಒಪ್ಪ ಮಾಡಲು ಕೆಲವೆಡೆ ಸೇರಿಸಬೇಕು, ಕೆಲವೆಡೆ ತೆಗೆಯಬೇಕು. ಹಾಗಾಗಿ ಎದುರುಬದುರಾದ ಎರಡು ಅರ್ಥಗಳೂ ಒಂದೇ ಪದದಲ್ಲಿ ಉಳಿದವು.

1680ರ ದಶಕದಲ್ಲಿ ಇಂಗ್ಲೆಂಡಿನ ರಾಜಕಾರಣದಲ್ಲಿ 'ಟ್ರಿಮ್ಮರ್' ಬೈಗುಳವಾಯಿತು: ವಿಗ್ಗರಿಗೂ ಟೋರಿಗಳಿಗೂ ಪೂರ್ತಿ ಸೇರದವನು. ಹ್ಯಾಲಿಫ್ಯಾಕ್ಸಿನ ಮಾರ್ಕ್ವಿಸ್ ಜಾರ್ಜ್ ಸ್ಯಾವಿಲ್ ಆ ಬೈಗುಳವನ್ನೇ ಬಿರುದಾಗಿ ಧರಿಸಿದ. 1688ರಲ್ಲಿ ಅಚ್ಚಾದ ಅವನ ಪುಸ್ತಿಕೆಯ ವಾದ ಸರಳ: ದೋಣಿಯಲ್ಲಿ ಕೆಲವರು ಈ ಬದಿಗೆ, ಕೆಲವರು ಆ ಬದಿಗೆ ಭಾರ ಹಾಕುವಾಗ ಸಮತೂಕ ಕಾಯಲು ನೋಡುವವನು ದ್ರೋಹಿಯಲ್ಲ.

ನಮ್ಮ 'ಸವರು' ಕೂಡ ಇಂಥದ್ದೇ. ರೊಟ್ಟಿಗೆ ಬೆಣ್ಣೆ ಸವರುತ್ತೇವೆ. ಬೇಲಿಯ ಗಿಡವನ್ನೂ ಸವರುತ್ತೇವೆ. ಬೇಲಿಯೇ ಇಲ್ಲದ ನಗರದ ಫ್ಲ್ಯಾಟುಗಳಲ್ಲಿ ಬೆಣ್ಣೆಯ ಸವರು ಉಳಿದಿದೆ. ಬೇಲಿಯ ಸವರಿನ ಜಾಗದಲ್ಲಿ ಟ್ರಿಮ್ ಬಂದು ಕುಳಿತಿದೆ.