ಎಣಿಸಿದ್ದು ಮೊದಲು, ಓದಿಸಿದ್ದು ಬಹಳ ತಡ

ಕಣ್ಣು ಕಾಣದವರ ಬಗ್ಗೆ ಪುಣೆಯಲ್ಲಿ ಮೊದಲು ಲೆಕ್ಕ ಇಟ್ಟದ್ದು ಸರ್ಕಾರ. ಆಗ ಪುಣೆಯೂ ನಮ್ಮ ಧಾರವಾಡ, ಬೆಳಗಾವಿ, ವಿಜಾಪುರಗಳೂ ಒಂದೇ ಮುಂಬಯಿ ಪ್ರಾಂತ್ಯದಲ್ಲಿದ್ದವು. 1881ರ ಜನಗಣತಿಯವರು ಮನೆಮನೆಗೆ ಹೋದಾಗ ಅವರ ಹಾಳೆಯಲ್ಲಿ ಬುದ್ಧಿಭ್ರಮಣೆ, ಕಿವುಡು-ಮೂಗು, ಕುಷ್ಠಗಳ ಸಾಲಿನಲ್ಲೇ ಕುರುಡಿಗೂ ಜಾಗವಿತ್ತು. ಎರಡೂ ಕಣ್ಣು ಪೂರ್ತಿ ಹೋಗಿದ್ದರೆ ಮಾತ್ರ ಬರೆದುಕೊಳ್ಳಿ, ಒಕ್ಕಣ್ಣಿನವರನ್ನು ಬಿಡಿ ಎಂಬುದು ಅವರಿಗಿದ್ದ ಸೂಚನೆ. ಮಬ್ಬಾಗಿ ಕಾಣುವವರು, ಹೊತ್ತು ಮುಳುಗಿದರೆ ಕಾಣದವರು, ಅರ್ಧ ಪೊರೆ ಬಂದವರು ಹಾಗೆ ಲೆಕ್ಕದಿಂದ ಹೊರಗೇ ಉಳಿದರು. ವರದಿ ಬರೆದ ಅಧಿಕಾರಿಗಳು ಸಿಡುಬು, ಬಿಸಿಲ ಝಳ, ಒಲೆಯ ಹೊಗೆ ಎಂದು ಕಾರಣಗಳನ್ನು ಹುಡುಕಿದರು. ಆದರೆ ಆ ದಪ್ಪ ಸಂಪುಟಗಳಲ್ಲಿದ್ದ ಒಂದು ಸಾಲನ್ನೂ ಅದು ಯಾರ ಬಗ್ಗೆ ಬರೆದದ್ದೋ ಅವರು ಓದುವ ಹಾಗಿರಲಿಲ್ಲ. ಪುಣೆಯ ಮುಂದಿನ ಕತೆಯೂ ಬಹುಮಟ್ಟಿಗೆ ಇದೇ ಜಾಡಿನದು: ಅಂಧರ ಕುರಿತ ಮಾಹಿತಿ ಕಣ್ಣಿದ್ದವರ ನಡುವೆ ಓಡಾಡಿತು, ಅಂಧರ ಕೈಗೆ ಮಾಹಿತಿ ತಲುಪಬೇಕೆಂಬ ಯೋಚನೆ ಕೊನೆಯಲ್ಲಿ ಬಂತು, ಅದೂ ಹೆಚ್ಚುಕಡಿಮೆ ಆಕಸ್ಮಿಕವಾಗಿ.

ಎಷ್ಟು ಜನ ಇದ್ದಾರೆಂದು ಗೊತ್ತಿಲ್ಲದೆ ಆಸ್ಪತ್ರೆ, ಶಾಲೆ ಕಟ್ಟುವುದು ಹೇಗೆ, ಎಣಿಕೆಯನ್ನು ದೂರುವುದೇಕೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಎಣಿಕೆ ಹೇಳುವುದು ಎಣಿಸುವವನ ಕಟ್ಟಳೆಯನ್ನು. 1931ರವರೆಗೆ ನಡೆದುಬಂದ ಆ ಕಲಂ 1941ರಲ್ಲಿ ಕೈಬಿಟ್ಟುಹೋಯಿತು, 1981ರಲ್ಲಿ ಪೂರ್ಣ ಅಂಧರಿಗಷ್ಟೇ ಎಂದು ಮರಳಿತು, 1991ರಲ್ಲಿ ಮತ್ತೆ ಮಾಯವಾಯಿತು. 2001ರಲ್ಲಿ ದೃಷ್ಟಿ ತೊಂದರೆಯವರು ದೇಶದಲ್ಲಿ ಸುಮಾರು 1.06 ಕೋಟಿ ಎಂದು ಬಂತು. 2011ರಲ್ಲಿ ಸುಮಾರು 50 ಲಕ್ಷ. ಹತ್ತೇ ವರ್ಷದಲ್ಲಿ ಅರ್ಧದಷ್ಟು ಜನಕ್ಕೆ ಕಣ್ಣು ಬಂದುಬಿಟ್ಟಿತೇ? ಒಂದೇ ಕಣ್ಣಿನ ದೃಷ್ಟಿ ಇದ್ದವರನ್ನು 2001ರಲ್ಲಿ ಸೇರಿಸಿದ್ದರು, 2011ರಲ್ಲಿ ತೆಗೆದರು. 2017ರಲ್ಲಿ ಅಂಧತ್ವ ನಿಯಂತ್ರಣ ಕಾರ್ಯಕ್ರಮವೂ ಅಂಧರೆಂದು ಎಣಿಸುವ ದೃಷ್ಟಿಯ ಮಿತಿಯನ್ನು 6/60ರಿಂದ 3/60ಕ್ಕೆ ಇಳಿಸಿತು. ನಿನ್ನೆ ಅಂಧರಾಗಿದ್ದ ಕೆಲವರು ಇಂದು ಕಾಗದದ ಮೇಲೆ ಅಂಧರಲ್ಲ. ಪತ್ರಿಕೆಗಳು ಇಂಥ ಅಂಕಿಗಳನ್ನು ತಲೆಬರಹಕ್ಕೆ ಎತ್ತಿಕೊಂಡಷ್ಟು ಸುಲಭವಾಗಿ ವ್ಯಾಖ್ಯೆಯನ್ನು ಎತ್ತಿಕೊಳ್ಳುವುದಿಲ್ಲ. ಪ್ರತಿ ಸಲದ ಈ ಏರಿಳಿತದಲ್ಲಿ ಸಿಕ್ಕಿಬೀಳುವವರು ಮಂದದೃಷ್ಟಿಯವರೇ.

ಶಾಲೆಗಳು ಬಂದಾಗಲಾದರೂ ದಿಕ್ಕು ಬದಲಾಗಬೇಕಿತ್ತು. ಮುಂಬಯಿಯಲ್ಲಿ ಅಮೆರಿಕನ್ ಮಿಷನ್ನಿನ ಆನಾ ಮಿಲ್ಲಾರ್ಡ್ 1900ರಲ್ಲಿ, ಮೈಸೂರಿನಲ್ಲಿ ಎಂ. ಶ್ರೀನಿವಾಸರಾಯರು 1901ರಲ್ಲಿ ಶಾಲೆ ತೆರೆದರು. ಪುಣೆಗೆ ಅಂಧಶಾಲೆ ಬಂದದ್ದು 1934ರಲ್ಲಿ. ಅದರ ಹಿಂದಿನ ವರ್ಷವಷ್ಟೇ ಮುಂಬಯಿಯ ರಂಗದ ಮೇಲೆ 'ಆಂಧಳ್ಯಾಂಚಿ ಶಾಳಾ' ಎಂಬ ಮರಾಠಿ ನಾಟಕ ಬಂದು ಹೆಸರು ಮಾಡಿತ್ತು. ನಾರ್ವೆಯ ಬ್ಯೋರ್ನ್‌ಸನ್‌ನ ನಾಟಕದಿಂದ ಎತ್ತಿಕೊಂಡದ್ದು. ಗಂಡಿಗೊಂದು ಹೆಣ್ಣಿಗೊಂದು ನೀತಿಯನ್ನು ಪ್ರಶ್ನಿಸಿದ ಕೃತಿ. ಕುರುಡರ ಶಾಲೆ ಹೆಸರಿನಲ್ಲಷ್ಟೇ ಇತ್ತು. ನಿಜವಾದ ಶಾಲೆಯ ಕಷ್ಟ ಬೇರೆಯೇ: ಓದಿಸಲು ಪುಸ್ತಕ ಯಾವ ಲಿಪಿಯಲ್ಲಿ? ಗುಜರಾತಿನ ನೀಲಕಂಠರಾಯರದೊಂದು, ಮಿಷನರಿಗಳದೊಂದು ಎಂಬಂತೆ ದೇಶದಲ್ಲಿ ಹಲವು ಬ್ರೈಲ್ ಪದ್ಧತಿಗಳಿದ್ದವು. ಒಂದು ಶಾಲೆಯ ಪುಸ್ತಕ ಇನ್ನೊಂದರ ಮಕ್ಕಳ ಬೆರಳಿಗೆ ಬರಿಯ ಉಬ್ಬು ಚುಕ್ಕಿ. 1951ರಲ್ಲಿ ಭಾರತಿ ಬ್ರೈಲ್ ಒಪ್ಪಿತವಾಗಿ ಈ ಗೊಂದಲ ತೀರಿತು. ಆರು ಚುಕ್ಕಿಗಳ ಮನೆಯಲ್ಲಿ ಎಡಸಾಲಿನ ಮೇಲಿನದೂ ಕೆಳಗಿನದೂ ಎದ್ದರೆ ಅದು 'ಕ', ಮರಾಠಿಯಲ್ಲೂ ಕನ್ನಡದಲ್ಲೂ. ಪಾಟಿಗೆ ಕಾಗದ ಸಿಕ್ಕಿಸಿ ಮೊಳೆಯಿಂದ ಬಲದಿಂದ ಎಡಕ್ಕೆ ಚುಚ್ಚುತ್ತ ಹೋಗಿ, ಹಾಳೆ ಮಗುಚಿ ಎಡದಿಂದ ಬಲಕ್ಕೆ ಓದಬೇಕು. ಪುಣೆಯ ಹುಡುಗ ಚುಚ್ಚಿದ ಹಾಳೆಯ ಅರ್ಥ ಮೈಸೂರಿನ ಹುಡುಗನಿಗೆ ಆಗದಿರಬಹುದು, ಆದರೆ ಗಟ್ಟಿಯಾಗಿ ಓದಿ ಹೇಳಬಲ್ಲ. ಕಣ್ಣಿದ್ದ ನಮಗೆ ಈ ಸೌಕರ್ಯ ಇವತ್ತಿಗೂ ಇಲ್ಲ.

ಲಿಪಿ ಬಂತು, ಓದಲು ಹೆಚ್ಚೇನೂ ಬರಲಿಲ್ಲ. ಪಠ್ಯಪುಸ್ತಕ ಮುಗಿದರೆ ಮುಗಿಯಿತು. ಕಿವಿಯಿಂದ ಕಲಿಯಲಾಗದೇ, ಗದುಗಿನಲ್ಲಿ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜರು ಕಣ್ಣಿಲ್ಲದೆಯೇ ವಿದ್ಯೆಯ ಪರಂಪರೆಯನ್ನೇ ಕಟ್ಟಲಿಲ್ಲವೇ ಎಂದು ಕನ್ನಡಿಗರು ಕೇಳುವುದು ಸಹಜ. ಅವರ ವೀರೇಶ್ವರ ಪುಣ್ಯಾಶ್ರಮದ ಸಾಧನೆ ದೊಡ್ಡದು. ಆದರೆ ಸಂಗೀತ ಒಲಿಯದ ಹುಡುಗನಿಗೆ, ವಕೀಲಿಯ ಮೇಲೆ ಮನಸ್ಸಿಟ್ಟ ಹುಡುಗಿಗೆ ಗುರುಮುಖ ಸಾಲದು. 1953ರಲ್ಲಿ ಪುಣೆ ಆಕಾಶವಾಣಿ ಬಂದಾಗ ಸುದ್ದಿ ಯಾರ ಹಂಗೂ ಇಲ್ಲದೆ ಕಿವಿಗೆ ಬೀಳತೊಡಗಿತು, ನಿಜ. ಆದರೂ ರೇಡಿಯೋ ಹೇಳಿದ್ದನ್ನು ಕೇಳಬೇಕೇ ಹೊರತು ಹಿಂದಿನ ಪುಟ ತಿರುವಲಾಗದು, ಬೇಡದ್ದನ್ನು ದಾಟಿಹೋಗಲಾಗದು.

ಅದೇ ಆಕಾಶವಾಣಿಯಲ್ಲಿ ಕೆಲಸ ಮಾಡಿದ ಸಯೀ ಪರಾಂಜಪೆ 1980ರ 'ಸ್ಪರ್ಶ್' ಚಿತ್ರದಲ್ಲಿ ಕನಿಕರವನ್ನು ಸಹಿಸದ ಅಂಧ ಮುಖ್ಯೋಪಾಧ್ಯಾಯನನ್ನು ತೋರಿಸಿದರು. 2004ರ 'ಶ್ವಾಸ್' ಪುಣೆಯಲ್ಲಿ ನಡೆದ ಘಟನೆಯ ಮೇಲಿನ ಮಾಧವಿ ಘಾರ್ಪುರೆಯವರ ಕತೆಯಿಂದ ಹುಟ್ಟಿತು: ಮೊಮ್ಮಗನ ಕಣ್ಣಿನಲ್ಲಿ ಕ್ಯಾನ್ಸರ್, ಜೀವ ಉಳಿಯಬೇಕಾದರೆ ದೃಷ್ಟಿ ಹೋಗಬೇಕು. ಇಂಥ ಚಿತ್ರಗಳಿಂದ ಜನರಿಗೆ ತಿಳಿವಳಿಕೆ ಬರಲಿಲ್ಲವೇ? ಬಂತು. ಶಸ್ತ್ರಚಿಕಿತ್ಸೆಗೆ ಮೊದಲು ಮಗುವಿಗೆ ವಿಷಯ ತಿಳಿಸಲೇಬೇಕೆಂದು ಹಟ ಹಿಡಿಯುವ ವೈದ್ಯನನ್ನು ತೋರಿಸಿದ್ದು 'ಶ್ವಾಸ್'ನ ದೊಡ್ಡ ಗುಣ ಎಂದೇ ನನ್ನ ಎಣಿಕೆ. ಆದರೆ ಕತೆ ಕಣ್ಣು ಹೋಗುವಲ್ಲಿಗೆ ತುದಿ ಮುಟ್ಟುತ್ತದೆ. ಆ ಹುಡುಗ ಆಮೇಲೆ ಏನು ಓದಿದ ಎಂಬುದು ಸಿನಿಮಾಕ್ಕೆ ಬೇಡವಾದ ಪ್ರಶ್ನೆ. ಆ ಪ್ರಶ್ನೆ ಎದುರಾದದ್ದು ಒಂದು ನಾಟಕದ ನೆಪದಲ್ಲಿ. ಸ್ವಾತಂತ್ರ್ಯದ ಸುವರ್ಣ ವರ್ಷದ ಹೊತ್ತಿಗೆ ಸ್ವಾಗತ್ ಥೋರಾತ್ ಎಂಬ ರಂಗಕರ್ಮಿ ಪುಣೆಯ 88 ಅಂಧ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು 'ಸ್ವಾತಂತ್ರ್ಯಾಚೀ ಯಶೋಗಾಥಾ' ಆಡಿಸಿದರು. ಶಾಲೆಯ ಪುಸ್ತಕ ಬಿಟ್ಟರೆ ಈ ಮಕ್ಕಳಿಗೆ ಓದಲು ಏನೂ ಇಲ್ಲವೆಂಬುದು ಮಕ್ಕಳೊಂದಿಗೆ ತಿರುಗಾಡುವಾಗ ಥೋರಾತರಿಗೆ ಕಂಡಿತು. ಅದರ ಫಲ 2008ರ ಫೆಬ್ರವರಿ 15ರಂದು ಹೊರಟ ಮರಾಠಿ ಬ್ರೈಲ್ ಪಾಕ್ಷಿಕ 'ಸ್ಪರ್ಶಜ್ಞಾನ'. ಪುಣೆಯ ಅಂಧಶಾಲೆಯಿಂದ ಈ ಸುದ್ದಿಪತ್ರಿಕೆಗೆ ಎಪ್ಪತ್ತಕ್ಕೂ ಹೆಚ್ಚು ವರ್ಷ. ಅದೂ ನಿಂತದ್ದು ದೇಣಿಗೆ, ಚಂದಾ ಹಾಗೂ ಅಂಚೆ ಇಲಾಖೆಯ ಒಂದು ಹಳೆಯ ಉಪಕಾರದ ಮೇಲೆ: ಅಂಧರ ಸಾಹಿತ್ಯದ ಕಟ್ಟಿಗೆ 7 ಕಿಲೋವರೆಗೆ ಅಂಚೆವೆಚ್ಚವಿಲ್ಲ. ಬ್ರೈಲ್ ಕಾಗದ ದಪ್ಪ, ಒತ್ತಿ ಮಡಿಸಿದರೆ ಚುಕ್ಕಿ ಸಾಯುತ್ತದೆ. ಈ ರಿಯಾಯಿತಿ ಇಲ್ಲದೆ ಪತ್ರಿಕೆ ಊರು ದಾಟುವುದೇ ಕಷ್ಟ.

ಈಗ ಮೊಬೈಲೇ ಓದಿ ಹೇಳುವಾಗ ಬ್ರೈಲ್ ಯಾಕೆ ಎನ್ನುವವರಿದ್ದಾರೆ. ಬರಿಯ ಕಿವಿಯಿಂದ ಕಲಿತವನಿಗೆ ಕಾಗುಣಿತ ಬರುವುದಿಲ್ಲ, ಕಿವಿಯೂ ಇಲ್ಲದವನಿಗೆ ಮೊಬೈಲ್ ಮೂಕ ಎಂಬ ಉತ್ತರ ಇದ್ದೇ ಇದೆ. ಇನ್ನೊಂದು ಕಾರಣ ಪುಣೆಗೇ ಹತ್ತಿರದ್ದು. 1988ರಲ್ಲಿ ಪುಣೆಯಲ್ಲಿ ಶುರುವಾದ ಸಿ-ಡ್ಯಾಕ್ ಸಂಸ್ಥೆ, ಅದೇ ಊರಿನ ಶ್ರೀಲಿಪಿ ತಂತ್ರಾಂಶ ಇವು ಭಾರತೀಯ ಭಾಷೆಗಳನ್ನು ಗಣಕಕ್ಕೆ ತಂದವು. ಕನ್ನಡದ ಎಷ್ಟೋ ಪುಸ್ತಕಗಳು ಅಲ್ಲಿನ ಅಕ್ಷರಗಳಲ್ಲೇ ಅಚ್ಚಾಗಿವೆ. ಯೂನಿಕೋಡ್ ಬಳಕೆಗೆ ಬರುವ ಮುಂಚಿನ ಆ ಫಾಂಟುಗಳಲ್ಲಿ ನಮ್ಮ ಅಕ್ಷರದ ಆಕಾರ ಕೂತಿರುವುದು ಇಂಗ್ಲಿಷ್ ಅಕ್ಷರದ ಸಂಕೇತದ ಮೇಲೆ. ಕಣ್ಣಿಗೆ ಅಚ್ಚಗನ್ನಡ, ಪರದೆ ಓದುವ ತಂತ್ರಾಂಶ ಉಸುರುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ನಮ್ಮ 'ನುಡಿ' ತಂತ್ರಾಂಶದ ಹಳೆಯ ಫಾಂಟುಗಳದೂ ಇದೇ ಹಣೆಬರಹ. ಆ ಕಾಲದಲ್ಲಿ ಬೇರೆ ದಾರಿ ಇರಲಿಲ್ಲ, ಮಾಡಿದವರನ್ನು ದೂರಿ ಫಲವಿಲ್ಲ. ಆದರೆ ಇವತ್ತಿಗೂ ಆ ಫಾಂಟುಗಳ ಕಡತವನ್ನೇ ಅಚ್ಚಿಗೆ ಕಳಿಸುವುದು ರೂಢಿಯ ಮಾತು. ಕಾನೂನಿನ ಅಡ್ಡಿ ಹೋಗಿ ಆಯಿತು: ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯ ನಂತರ ಅಂಧರಿಗಾಗಿ ಪುಸ್ತಕವನ್ನು ಬೇರೆ ರೂಪಕ್ಕೆ ತರಲು ಪ್ರಕಾಶಕರ ಅನುಮತಿ ಬೇಕಿಲ್ಲ, ಅಂಧರಿಗೆ ಪುಸ್ತಕ ದೊರಕಿಸುವ ಅಂತರರಾಷ್ಟ್ರೀಯ ಮರಾಕೆಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶವೂ ನಮ್ಮದೇ. ಹೀಗಿದ್ದೂ ಗಣಕದಲ್ಲಿ ಆಗಲೇ ಇರುವ ಪುಸ್ತಕವನ್ನು ಸ್ವಯಂಸೇವಕರು ಸ್ಕ್ಯಾನ್ ಮಾಡುತ್ತಾರೆ, ಇಲ್ಲವೇ ಮೊದಲ ಪುಟದಿಂದ ಮತ್ತೆ ಟೈಪ್ ಮಾಡುತ್ತಾರೆ.