ಮಾನವ ರೂಪದ ಅಳತೆ: ಕಲೆ, ಧರ್ಮ ಮತ್ತು ವಿಜ್ಞಾನಗಳ ದೃಷ್ಟಿಯಲ್ಲಿ

ನಮ್ಮ ಧರ್ಮಕೇಂದ್ರದ ಶತಮಾನೋತ್ಸವದ ಸ್ಮರಣ ಸಂಚಿಕೆಗೆ ಚರಿತ್ರೆಗೆ ಸಂಬಂಧಿಸಿದ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಮಿತಿಯವರು ಕೇಳಿಕೊಂಡಾಗ, ಯಾವ ವಿಷಯವನ್ನು ಆರಿಸಿಕೊಳ್ಳಬೇಕೆಂದು ಕೆಲವು ದಿನ ಯೋಚಿಸಿದೆನು. ದೇವಾಲಯದ ಚರಿತ್ರೆಯನ್ನು ಬರೆಯುವ ಹೊಣೆಯನ್ನು ಬಲ್ಲವರು ಈಗಾಗಲೇ ಹೊತ್ತಿದ್ದರು. ಕೊನೆಗೆ ನನಗೆ ವಿಷಯವನ್ನು ಒದಗಿಸಿದವಳು ಜ್ಞಾನೋಪದೇಶದ ತರಗತಿಯ ಒಬ್ಬ ಬಾಲಕಿ.

ಉತ್ಸವದ ಸಿದ್ಧತೆಗಾಗಿ ದೇವಾಲಯದ ಸ್ವರೂಪಗಳಿಗೆ ಹೊಸದಾಗಿ ಬಣ್ಣ ಬಳಿಸುತ್ತಿದ್ದ ದಿನಗಳವು. ಕಾಫಿ ತೋಟದ ಲೈನ್ ಮನೆಯಿಂದ ಬರುವ ಆ ಮಗು ಮಾತೆ ಮರಿಯಮ್ಮನವರ ಸ್ವರೂಪದ ಮುಂದೆ ಬಹಳ ಹೊತ್ತು ನಿಂತಿದ್ದು, ನನ್ನ ಕಡೆಗೆ ತಿರುಗಿ, "ಫಾದರ್, ಸ್ವರ್ಗದಲ್ಲಿರೋರೆಲ್ಲ ಬೆಳ್ಳಗೇ ಇರ್ತಾರಾ?" ಎಂದು ಕೇಳಿತು. ನಾನು ನಕ್ಕು, ಅವಳ ತಲೆಯನ್ನು ನೇವರಿಸಿ, ಜಪ ಕಲಿತುಕೊಂಡು ಬಾ ಎಂದು ಕಳುಹಿಸಿಬಿಟ್ಟೆನು. ಅದು ಉತ್ತರವಾಗಿರಲಿಲ್ಲ. ಗುರುಮಠದಲ್ಲಿ ವರ್ಷಗಟ್ಟಲೆ ತತ್ವಶಾಸ್ತ್ರ, ದೈವಶಾಸ್ತ್ರಗಳನ್ನು ಓದಿದ ನನಗೆ ಆ ಮಗುವಿಗೆ ಹೇಳಲು ಒಂದು ವಾಕ್ಯವೂ ಸಿದ್ಧವಿರಲಿಲ್ಲ. ಈ ಲೇಖನವು ತಡವಾಗಿಯಾದರೂ ಆ ಪ್ರಶ್ನೆಗೆ ಕೊಡುವ ಉತ್ತರದ ಪ್ರಯತ್ನ. ಮನುಷ್ಯನ ರೂಪ ಹೀಗಿರಬೇಕು, ಇದು ಸುಂದರ, ಇದು ಕುರೂಪ, ಇದು ಮೇಲು, ಇದು ಕೀಳು ಎಂಬ ಭಾವನೆಗಳು ನಮ್ಮಲ್ಲಿ ಎಲ್ಲಿಂದ ಬಂದವು?

ಕಲ್ಲಿನಲ್ಲಿ ಕಡೆದ ರೂಪ

ದೂರ ಹೋಗಬೇಕಾದುದಿಲ್ಲ. ಮಡಿಕೇರಿಯ ಕೋಟೆಯೊಳಗಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ನಮ್ಮಲ್ಲಿ ಹಲವರು ನೋಡಿರುವಿರಿ. ಆ ಕಟ್ಟಡವು ಒಂದು ಕಾಲದಲ್ಲಿ ದೇವಾಲಯವಾಗಿತ್ತು. 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಆಂಗ್ಲರು, ಕೋಟೆಯಲ್ಲಿದ್ದ ವೀರಭದ್ರ ದೇವಸ್ಥಾನವನ್ನು ತೆಗೆದು, 1855ರಲ್ಲಿ ಅಲ್ಲಿ ಸಂತ ಮಾರ್ಕರ ಹೆಸರಿನ ಆಂಗ್ಲಿಕನ್ ದೇವಾಲಯವನ್ನು ಕಟ್ಟಿದರು. 1971ರಿಂದ ಅದು ವಸ್ತುಸಂಗ್ರಹಾಲಯವಾಗಿದೆ. ಹಿಂದೆ ಭಕ್ತರು ಮೊಣಕಾಲೂರಿದ್ದ ಸ್ಥಳದಲ್ಲಿ ಇಂದು ವೀರಗಲ್ಲುಗಳೂ ಜೈನ ಶಿಲ್ಪಗಳೂ ನಿಂತಿವೆ.

ನಮ್ಮ ನಾಡಿನ ವೀರಗಲ್ಲುಗಳು ಸಾಮಾನ್ಯವಾಗಿ ಮೂರು ಹಂತಗಳಲ್ಲಿರುತ್ತವೆ. ಕೆಳಗೆ ವೀರನು ಹೋರಾಡಿ ಮಡಿಯುತ್ತಾನೆ. ನಡುವೆ ಅಪ್ಸರೆಯರು ಅವನನ್ನು ಮೇಲಕ್ಕೆ ಒಯ್ಯುತ್ತಾರೆ. ಮೇಲೆ ಅವನು ದೇವರ ಸನ್ನಿಧಿಯಲ್ಲಿ ಕುಳಿತಿರುತ್ತಾನೆ. ಆ ವೀರನ ಮುಖ ನಿಜವಾಗಿ ಹೇಗಿತ್ತೆಂಬುದು ಶಿಲ್ಪಿಗೆ ಬೇಕಾಗಿರಲಿಲ್ಲ. ಅವನು ಏನು ಮಾಡಿದನೆಂಬುದೇ ಅವನ ರೂಪ. ಕೊಡವರ ಐನ್‌ಮನೆಗಳ ಸಮೀಪದ ಕೈಮಡಗಳಲ್ಲಿ ಹಿರಿಯರನ್ನು ಸ್ಮರಿಸಿ ಪೂಜಿಸುವಲ್ಲಿಯೂ ಇದೇ ಭಾವನೆಯನ್ನು ಕಾಣಬಹುದು. ಗತಿಸಿದವರ ಮೂಗು, ಬಣ್ಣಗಳನ್ನು ಅಲ್ಲಿ ಯಾರೂ ನೆನೆಯುವುದಿಲ್ಲ. ಅವರ ಗುಣವನ್ನೂ ಉಪಕಾರವನ್ನೂ ನೆನೆಯುತ್ತಾರೆ.

ಜೈನ ಶಿಲ್ಪದ ದಾರಿ ಬೇರೆ. ಸೋಮವಾರಪೇಟೆ ತಾಲ್ಲೂಕಿನ ಮುಳ್ಳೂರಿನಲ್ಲಿ ಹನ್ನೊಂದನೆಯ ಶತಮಾನದ ಕೊಂಗಾಳ್ವ ಅರಸರ ಕಾಲದ ಬಸದಿಗಳಿವೆ. ಅಲ್ಲಿಂದ ಪೂರ್ವಕ್ಕೆ, ಹಾಸನ ಜಿಲ್ಲೆಯ ಶ್ರವಣಬೆಳಗೊಳದಲ್ಲಿ ಚಾವುಂಡರಾಯನು 981ರ ಸುಮಾರಿಗೆ ಕಡೆಯಿಸಿದ ಗೊಮ್ಮಟನು 57 ಅಡಿಗೂ ಮಿಕ್ಕ ಎತ್ತರದಲ್ಲಿ ದಿಗಂಬರನಾಗಿ ನಿಂತಿದ್ದಾನೆ. ಕಾಲಿಗೆ ಬಳ್ಳಿ ಹಬ್ಬಿದೆ, ಪಕ್ಕದಲ್ಲಿ ಹುತ್ತ ಬೆಳೆದಿದೆ, ಮುಖದಲ್ಲಿ ಕದಲಿಕೆಯಿಲ್ಲ. ಆ ನಗ್ನತೆಯಲ್ಲಿ ಲಜ್ಜೆಗೆ ಎಡೆಯಿಲ್ಲ, ಏಕೆಂದರೆ ಎಲ್ಲವನ್ನೂ ತೊರೆದವನ ರೂಪವದು. ಅದೇ ಜಿಲ್ಲೆಯ ಬೇಲೂರಿನಲ್ಲಿ ಹನ್ನೆರಡನೆಯ ಶತಮಾನದ ಹೊಯ್ಸಳ ಶಿಲ್ಪಿಗಳು ಕನ್ನಡಿ ಹಿಡಿದ ಸುಂದರಿಯರನ್ನು ಆಭರಣಭೂಷಿತರನ್ನಾಗಿ ಕಡೆದರು. ನೂರೈವತ್ತು ವರ್ಷಗಳ ಅಂತರದಲ್ಲಿ, ಒಂದು ದಿನದ ದಾರಿಯಲ್ಲಿ, ಒಂದೇ ನಾಡಿನ ಜನ ಮಾನವ ದೇಹವನ್ನು ಹೀಗೆ ಎರಡು ಬಗೆಯಲ್ಲಿ ಕಂಡರು.

ನಮ್ಮ ಶಿಲ್ಪಿಗಳು ಕಣ್ಣಳತೆಯಿಂದ ಕೆಲಸ ಮಾಡಿದವರಲ್ಲ. ಶಿಲ್ಪಶಾಸ್ತ್ರಗಳಲ್ಲಿ 'ತಾಲಮಾನ'ವೆಂಬ ಲೆಕ್ಕವಿದೆ. ಮುಖದ ಉದ್ದವೇ ಒಂದು ತಾಲ; ಅದು ಹನ್ನೆರಡು ಅಂಗುಲ. ನವತಾಲದ ವಿಗ್ರಹಕ್ಕೆ 108 ಅಂಗುಲ. ಶ್ರೇಷ್ಠ ದೇವತೆಗಳಿಗೆ ವಿಧಿಸಿದ ಉತ್ತಮ ದಶತಾಲಕ್ಕೆ 124 ಅಂಗುಲ. ಮಕ್ಕಳಿಗೂ ಕುಬ್ಜರಿಗೂ ಕಡಿಮೆ ತಾಲ. ವಿಸ್ಮಯದ ಸಂಗತಿಯೆಂದರೆ, ರೋಮಿನ ವಾಸ್ತುಶಾಸ್ತ್ರಜ್ಞ ವಿಟ್ರೂವಿಯಸನೂ ಮುಖವು ಎತ್ತರದ ಹತ್ತನೆಯ ಒಂದು ಭಾಗವಿರಬೇಕೆಂದು ಬರೆದಿದ್ದಾನೆ. 1490ರ ಸುಮಾರಿಗೆ ಲಿಯೊನಾರ್ಡೊ ದ ವಿಂಚಿಯು ವೃತ್ತ ಮತ್ತು ಚೌಕಗಳೊಳಗೆ ಕೈಕಾಲು ಚಾಚಿ ನಿಂತ ಪುರುಷನನ್ನು ಬರೆದದ್ದು ಆತನ ಲೆಕ್ಕವನ್ನೇ ಆಧರಿಸಿ. ಆದರೆ ಈ ಅಳತೆಗಳಿಗೆ ಸರಿಹೊಂದುವ ಮನುಷ್ಯನು ಸಂತೆಯಲ್ಲಿ ಸಿಗುವುದು ಅಪರೂಪ. ಅವು ಆದರ್ಶದ ಅಳತೆಗಳು. ಆದರ್ಶವನ್ನೇ ವಾಸ್ತವವೆಂದು ತಿಳಿದಾಗ ತೊಡಕು ಪ್ರಾರಂಭವಾಗುತ್ತದೆ.

ಧರ್ಮಸಭೆ ಮತ್ತು ರೂಪ

ದೇವರು ಮನುಷ್ಯನನ್ನು ತಮ್ಮ ಹೋಲಿಕೆಯಲ್ಲಿ ಸೃಷ್ಟಿಸಿದರೆಂದು ಪವಿತ್ರ ಗ್ರಂಥದ ಮೊದಲ ಅಧ್ಯಾಯವೇ ಬೋಧಿಸುತ್ತದೆ. ಅದೇ ಗ್ರಂಥವು ಇಸ್ರಯೇಲ್ ಜನರಿಗೆ ಕೆತ್ತಿದ ವಿಗ್ರಹಗಳನ್ನು ನಿಷೇಧಿಸಿತು. ಈ ಎರಡರ ನಡುವಿನ ಬಿಗಿತವು ಕ್ರೈಸ್ತ ಕಲೆಯ ಚರಿತ್ರೆಯುದ್ದಕ್ಕೂ ಇದೆ. ಎಂಟನೆಯ ಶತಮಾನದಲ್ಲಿ ಪೂರ್ವ ರೋಮನ್ ಸಾಮ್ರಾಜ್ಯದಲ್ಲಿ ಪವಿತ್ರ ಚಿತ್ರಗಳನ್ನು ಒಡೆದುಹಾಕಲಾಯಿತು. 787ರಲ್ಲಿ ಸೇರಿದ ನೀಸೇಯ ನಗರದ ಎರಡನೆಯ ಮಹಾಸಭೆಯು, ದೇವಪುತ್ರರು ನಿಜವಾಗಿಯೂ ಮನುಷ್ಯ ದೇಹವನ್ನು ಧರಿಸಿದುದರಿಂದ ಅವರ ರೂಪವನ್ನು ಚಿತ್ರಿಸಬಹುದೆಂದೂ, ಚಿತ್ರಕ್ಕೆ ಸಲ್ಲುವ ಗೌರವವು ಚಿತ್ರದಲ್ಲಿರುವವರಿಗೆ ಸಲ್ಲುವುದೆಂದೂ ನಿರ್ಣಯಿಸಿತು. ನಾವು ಇಂದು ಸ್ವರೂಪಗಳ ಮುಂದೆ ಮೇಣದ ಬತ್ತಿ ಹಚ್ಚುವುದು ಆ ನಿರ್ಣಯದ ಬಲದಿಂದ.

ಧರ್ಮಸಭೆಯೊಳಗೂ ಅಂಜಿಕೆಗಳಿದ್ದವು. ಮೈಕಲೇಂಜೆಲೊ 1541ರಲ್ಲಿ ಮುಗಿಸಿದ ಅಂತಿಮ ತೀರ್ಪಿನ ಚಿತ್ರದಲ್ಲಿ ಪುನರುತ್ಥಾನಗೊಂಡವರು ವಸ್ತ್ರವಿಲ್ಲದೆ ಏಳುತ್ತಾರೆ. 1563ರ ಡಿಸೆಂಬರಿನಲ್ಲಿ ಟ್ರೆಂಟ್ ಮಹಾಸಭೆಯು ಪವಿತ್ರ ಚಿತ್ರಗಳಲ್ಲಿ ಅಸಭ್ಯತೆ ಇರಬಾರದೆಂದು ವಿಧಿಸಿದ ಮೇಲೆ, 1565ರಲ್ಲಿ ದಾನಿಯೇಲೆ ದ ವೊಲ್ತೆರ್ರನೆಂಬ ಕಲಾವಿದನಿಂದ ಆ ದೇಹಗಳಿಗೆ ಬಟ್ಟೆ ಬರೆಸಲಾಯಿತು. 1994ರಲ್ಲಿ ಮುಗಿದ ಜೀರ್ಣೋದ್ಧಾರದಲ್ಲಿ ಅನಂತರದ ಕಾಲದ ಕೆಲವು ಹೊದಿಕೆಗಳನ್ನು ತೆಗೆದು, ದಾನಿಯೇಲೆ ಬರೆದವನ್ನು ಉಳಿಸಿಕೊಳ್ಳಲಾಯಿತು. ಚರಿತ್ರೆಯ ಎರಡು ಮನಸ್ಸುಗಳೂ ಒಂದೇ ಗೋಡೆಯ ಮೇಲೆ ಉಳಿದುಕೊಂಡಿವೆ.

ನಮ್ಮ ನಾಡಿಗೆ ಆ ಕಲೆಯನ್ನು ತಂದವರಲ್ಲಿ ಯೇಸುಸಭೆಯ ಸಹೋದರ ಅಂತೋನಿಯೊ ಮೊಸ್ಕೇನಿ ಪ್ರಮುಖರು. ಇಟಲಿಯ ಬೆರ್ಗಮೊ ನಗರದ ಬಳಿಯ ಸ್ತೆಜ್ಜಾನೊ ಎಂಬಲ್ಲಿ 1854ರಲ್ಲಿ ಹುಟ್ಟಿದ ಇವರು 1899ರಿಂದ 1901ರವರೆಗೆ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ದೇವಾಲಯದ ಗೋಡೆಗಳನ್ನೂ ಮೇಲ್ಛಾವಣಿಯನ್ನೂ ಚಿತ್ರಗಳಿಂದ ತುಂಬಿದರು. 1905ರಲ್ಲಿ ಕೊಚ್ಚಿಯಲ್ಲಿ ಅಲ್ಲಿನ ಪ್ರಧಾನಾಲಯದ ಚಿತ್ರಗಳನ್ನು ಬರೆಯುತ್ತಿದ್ದಾಗ ತೀರಿಕೊಂಡರು. ಮಂಗಳೂರಿನ ಚಿತ್ರಗಳನ್ನು ನೋಡಿದವರು ಆ ಮೈಬಣ್ಣದ ಮಾರ್ದವವನ್ನು ಮರೆಯಲಾರರು. ಅದು ಯುರೋಪಿನ ಮೈಬಣ್ಣ. ತಾವು ಕಲಿತುದನ್ನು, ಪ್ರೀತಿಸಿದುದನ್ನು ಅವರು ಬರೆದರು; ಅದರಲ್ಲಿ ಅವರ ತಪ್ಪೇನೂ ಇಲ್ಲ. ಆದರೆ ತಲೆಮಾರುಗಳಿಂದ ನಮ್ಮ ಮನೆಯ ಪೀಠದ ಮೇಲಿನ ಪಟದಲ್ಲಿ, ಜಪಪುಸ್ತಕದಲ್ಲಿ, ಹಬ್ಬದ ತೇರಿನಲ್ಲಿ ಅದೊಂದೇ ಬಣ್ಣವನ್ನು ಕಂಡ ಮಗುವಿಗೆ ಸ್ವರ್ಗದ ಬಣ್ಣವೂ ಅದೇ ಎಂದು ತೋರಿದರೆ ಆಶ್ಚರ್ಯವೇನು? ಆ ಮೇಲ್ಛಾವಣಿಯಲ್ಲಿ ಯಾರ ಜೀವನ ಚಿತ್ರಿತವಾಗಿದೆಯೋ ಆ ಸಂತ ಅಲೋಶಿಯಸರು 1591ರಲ್ಲಿ ರೋಮಿನಲ್ಲಿ ರೋಗಪೀಡಿತರ ಸೇವೆ ಮಾಡಿ, ಅದೇ ರೋಗದಿಂದ ಇಪ್ಪತ್ತಮೂರರ ಪ್ರಾಯದಲ್ಲಿ ಮಡಿದವರು. ಅವರು ಎತ್ತಿ ಆರೈಕೆ ಮಾಡಿದ ದೇಹಗಳು ಸುಂದರವಾಗಿರಲಿಲ್ಲ.

ವಿಜ್ಞಾನದ ಬೆಳಕು, ಅದರ ನೆರಳು

ಧರ್ಮಸಭೆಯು ಶವಪರೀಕ್ಷೆಯನ್ನು ನಿಷೇಧಿಸಿ ವೈದ್ಯಶಾಸ್ತ್ರಕ್ಕೆ ಅಡ್ಡಿಯಾಯಿತೆಂಬ ಮಾತು ಬಹಳ ಪ್ರಚಲಿತವಾಗಿದೆ. ಅದು ಸರಿಯಲ್ಲ. 1299ರಲ್ಲಿ ಜಗದ್ಗುರು ಎಂಟನೆಯ ಬೋನಿಫಾಸರು ನಿಷೇಧಿಸಿದುದು, ದೂರದೇಶದಲ್ಲಿ ಸತ್ತವರ ಶವಗಳನ್ನು ಕುದಿಸಿ ಎಲುಬುಗಳನ್ನು ಮಾತ್ರ ಊರಿಗೆ ಒಯ್ಯುವ ಪದ್ಧತಿಯನ್ನು. ಅನಂತರದ ದಶಕಗಳಲ್ಲೇ ಬೊಲೋನ್ಯ ನಗರದಲ್ಲಿ ಮೊಂದೀನೊ ಎಂಬ ಪಂಡಿತನು ಶವವನ್ನು ಕೊಯ್ದು ಪಾಠ ಹೇಳಿದನು. 1543ರಲ್ಲಿ ಪಾದುವದ ಅಧ್ಯಾಪಕ ವೆಸಾಲಿಯಸನು ಮಾನವ ದೇಹದ ರಚನೆಯನ್ನು ಕುರಿತ ತನ್ನ ಮಹಾಗ್ರಂಥವನ್ನು ಪ್ರಕಟಿಸಿ, ಪ್ರಾಣಿಗಳನ್ನು ಕೊಯ್ದು ಗೇಲೆನ್ ಬರೆದಿದ್ದ ಅನೇಕ ತಪ್ಪುಗಳನ್ನು ತಿದ್ದಿದನು. ನಮ್ಮ ಸುಶ್ರುತ ಸಂಹಿತೆಯೂ ಶವವನ್ನು ಹರಿಯುವ ನೀರಿನಲ್ಲಿ ಏಳು ದಿನ ಇರಿಸಿ ಪರೀಕ್ಷಿಸುವ ವಿಧಾನವನ್ನು ತಿಳಿಸುತ್ತದೆ. ಆದರೆ ಆ ಅಭ್ಯಾಸವು ನಮ್ಮಲ್ಲಿ ಲೋಪವಾಗಿ, 1836ರಲ್ಲಿ ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿ ಮಧುಸೂದನ ಗುಪ್ತರು ಶವಚ್ಛೇದನ ಮಾಡಿದಾಗ ಅದು ದೊಡ್ಡ ಸಾಹಸವೆನಿಸಿತು. ಚರ್ಮದ ಕೆಳಗೆ ರಾಜನಿಗೂ ಆಳಿಗೂ ಇರುವುದು ಅದೇ 206 ಎಲುಬುಗಳೆಂದು ಕಲಿಸಿದುದು ವಿಜ್ಞಾನದ ಉಪಕಾರ.

ಅದೇ ವಿಜ್ಞಾನದ ಹೆಸರಿನಲ್ಲಿ ಮತ್ತೊಂದು ಕೆಲಸವೂ ನಡೆಯಿತು. ಅದು ನಮ್ಮ ಕೊಡಗಿನಲ್ಲಿಯೂ ನಡೆಯಿತು. ಥಾಮಸ್ ಹಾಲೆಂಡ್ ಎಂಬವರು ಭೂವಿಜ್ಞಾನಿ. ಕಲ್ಕತ್ತೆಯ ಜಾಬ್ ಚಾರ್ನಾಕನ ಸಮಾಧಿಯ ಶಿಲೆಯಿಂದ ಚಾರ್ನೊಕೈಟ್ ಎಂಬ ಬಂಡೆಗೆ ಹೆಸರಿಟ್ಟವರು. ಅವರು ಕೊಡವರ ಮತ್ತು ಎರವರ ತಲೆ, ಮೂಗು, ಎತ್ತರಗಳನ್ನು ಅಳೆದು, 1901ರಲ್ಲಿ ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಈ ಎರಡು ಜನಗಳ ವೈದೃಶ್ಯವನ್ನು ಕುರಿತು ಲೇಖನ ಪ್ರಕಟಿಸಿದರು. ತಲೆಯ ಅಗಲವನ್ನು ನೂರರಿಂದ ಗುಣಿಸಿ ಉದ್ದದಿಂದ ಭಾಗಿಸಿದರೆ ಬರುವ ಅಂಕಿಯೇ ಶಿರಸ್ಸಿನ ಸೂಚ್ಯಂಕ. ಎಪ್ಪತ್ತೈದಕ್ಕಿಂತ ಕಡಿಮೆಯಾದರೆ ಉದ್ದ ತಲೆ, ಎಂಬತ್ತನ್ನು ಮೀರಿದರೆ ಅಗಲ ತಲೆ. ಎರವರದು ಉದ್ದ ತಲೆ, ಅಗಲ ಮೂಗು. ಕೊಡವರದು ಅದಕ್ಕಿಂತ ಅಗಲವಾದ ತಲೆ, ಕಿರಿದಾದ ಮೂಗು ಎಂದು ಲೆಕ್ಕ ಹಾಕಲಾಯಿತು.

ಅಂಕಿಗಳು ನಿರಪರಾಧಿಗಳು. ಆದರೆ ಅದೇ ವರ್ಷ ಭಾರತದ ಜನಗಣತಿಯನ್ನು ನಡೆಸಿದ ಹರ್ಬರ್ಟ್ ರಿಸ್ಲಿಯವರು, ಮೂಗು ಅಗಲವಾದಷ್ಟೂ ಸಾಮಾಜಿಕ ಸ್ಥಾನ ಕೆಳಗೆ ಹೋಗುತ್ತದೆಂದು ಸಿದ್ಧಾಂತ ಮಾಡಿದ್ದರು. ಎರವರು ತಲೆಮಾರುಗಳಿಂದ ಭೂಮಾಲೀಕರ ಜೀತದಲ್ಲಿ ದುಡಿದವರು. ಅವರು ಕೆಳಗಿದ್ದುದಕ್ಕೆ ಕಾರಣ ಭೂಮಿಯಿಲ್ಲದಿರುವಿಕೆ, ಸಾಲ ಮತ್ತು ಬಲಾತ್ಕಾರ ಎಂದು ಹೇಳುವ ಬದಲು, ಅದು ಅವರ ಮೂಗಿನಲ್ಲಿಯೇ ಬರೆದಿದೆಯೆಂದು ಹೇಳಲು ಇಂತಹ ವಿಜ್ಞಾನವು ಅನುಕೂಲ ಮಾಡಿಕೊಟ್ಟಿತು. ಹಸಿವಿನ ಅಳತೆಯನ್ನು ತೆಗೆದುಕೊಳ್ಳುವ ಉಪಕರಣ ಅವರ ಪೆಟ್ಟಿಗೆಯಲ್ಲಿರಲಿಲ್ಲ. ಜೀತ ಪದ್ಧತಿಯನ್ನು ರದ್ದುಗೊಳಿಸುವ ಕಾಯಿದೆ ಬಂದುದು 1976ರಲ್ಲಿ.

ತಿದ್ದಿಕೊಂಡವರು

ವಿಜ್ಞಾನಕ್ಕೆ ತನ್ನನ್ನು ತಾನೇ ತಿದ್ದಿಕೊಳ್ಳುವ ಗುಣವಿದೆಯೆಂಬುದನ್ನು ನಾವು ಕೃತಜ್ಞತೆಯಿಂದ ಒಪ್ಪಬೇಕು. 1911ರಲ್ಲಿ ಫ್ರಾನ್ಜ್ ಬೋವಾಸ್ ಎಂಬ ವಿದ್ವಾಂಸರು ಅಮೆರಿಕೆಗೆ ವಲಸೆ ಬಂದವರ ಮಕ್ಕಳನ್ನು ಅಳೆದು, ಸ್ಥಿರವೆಂದು ನಂಬಿದ್ದ ತಲೆಯ ಆಕಾರವು ಒಂದೇ ತಲೆಮಾರಿನಲ್ಲಿ ಬದಲಾಗುವುದೆಂದು ತೋರಿಸಿದರು. ಯುರೋಪಿನಲ್ಲಿ ಜನಾಂಗ ಸಿದ್ಧಾಂತವು ಲಕ್ಷಾಂತರ ಯೆಹೂದ್ಯರ ಕೊಲೆಗೆ ನೆಪವಾದ ಮೇಲೆ, 1950ರಲ್ಲಿ ಯುನೆಸ್ಕೊ ಸಂಸ್ಥೆಯು ಮಾನವಕುಲವು ಒಂದೇ ಎಂದು ಹೇಳಿಕೆ ಹೊರಡಿಸಿತು. 2003ರಲ್ಲಿ ಮುಗಿದ ಮಾನವ ವಂಶವಾಹಿಗಳ ಮಹಾಯೋಜನೆಯಿಂದ, ಯಾವ ಇಬ್ಬರು ಮನುಷ್ಯರನ್ನು ತೆಗೆದುಕೊಂಡರೂ ಅವರ ವಂಶವಾಹಿಗಳ ಬರವಣಿಗೆಯು ಸುಮಾರು 99.9 ಭಾಗ ಒಂದೇ ಎಂದು ತಿಳಿದುಬಂದಿತು. ಮೈಬಣ್ಣವು ಪೂರ್ವಿಕರು ಬಾಳಿದ ನೆಲದ ಬಿಸಿಲಿಗೆ ದೇಹವು ಕೊಟ್ಟ ಉತ್ತರವೇ ಹೊರತು ಆತ್ಮದ ಗುರುತಲ್ಲ.

ಧರ್ಮಸಭೆಯೂ ತಿದ್ದಿಕೊಂಡಿತು. 1963ರ ಡಿಸೆಂಬರ್ 4ರಂದು ಪ್ರಕಟವಾದ ಆರಾಧನಾ ವಿಧಿಯ ಶಾಸನದಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು, ಯಾವುದೇ ಒಂದು ಕಾಲದ ಅಥವಾ ದೇಶದ ಕಲಾಶೈಲಿಯನ್ನು ಧರ್ಮಸಭೆಯು ತನ್ನದೇ ಎಂದು ಅಂಗೀಕರಿಸಿಲ್ಲವೆಂದು ಸ್ಪಷ್ಟಪಡಿಸಿತು. 1967ರಲ್ಲಿ ಬೆಂಗಳೂರಿನಲ್ಲಿ ಪೂಜ್ಯ ಅಮಲೋರ್ಪವದಾಸ್ ಸ್ವಾಮಿಗಳ ನೇತೃತ್ವದಲ್ಲಿ ರಾಷ್ಟ್ರೀಯ ಕೇಂದ್ರವೊಂದು ಆರಂಭವಾಗಿ, ಭಾರತೀಯ ರೂಪದ ಆರಾಧನೆಗೂ ಕಲೆಗೂ ಪ್ರೋತ್ಸಾಹ ದೊರೆಯಿತು. 1969ರಲ್ಲಿ ರೋಮಿನ ಅನುಮತಿ ಪಡೆದ ಹನ್ನೆರಡು ಅಂಶಗಳಲ್ಲಿ ನೆಲದ ಮೇಲೆ ಕುಳಿತುಕೊಳ್ಳುವುದು, ಪಾದರಕ್ಷೆ ಕಳಚುವುದು, ಪಂಚಾಂಗ ಪ್ರಣಾಮ, ಅಂಜಲಿ ಹಸ್ತ, ಆರತಿ ಸೇರಿದ್ದವು. ನಮ್ಮ ದೇಹವು ನಮ್ಮ ರೀತಿಯಲ್ಲಿಯೇ ದೇವರಿಗೆ ಬಾಗಬಹುದೆಂದು ಅಂದು ಒಪ್ಪಿಗೆ ದೊರೆಯಿತು. ಜಗದ್ಗುರು ಎರಡನೆಯ ಜಾನ್ ಪೌಲರು 1979ರಿಂದ 1984ರವರೆಗೆ ಬುಧವಾರದ ಉಪದೇಶಗಳಲ್ಲಿ ಮಾನವ ದೇಹದ ಪಾವಿತ್ರ್ಯವನ್ನೇ ವಿಷಯವಾಗಿ ಆರಿಸಿಕೊಂಡರು.

ತಿದ್ದಿಕೊಳ್ಳಬೇಕಾದವರು ಇನ್ನು ನಾವು. ವೀರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯದ ಮೂಲವನ್ನು ನೆನೆಯೋಣ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ದೊರೆ ವೀರರಾಜೇಂದ್ರನು 1792ರಲ್ಲಿ ನೆಲೆ ಕೊಟ್ಟನು. ಬಳಲಿ ಬಂದ ಆ ಜನರನ್ನು ಈ ನಾಡು ಒಳಗೆ ಕರೆದುಕೊಂಡಿತು. ಅಂತಹವರ ವಾರಸುದಾರರಾದ ನಾವು ಮನೆಗೆ ಹೆಣ್ಣು ನೋಡುವಾಗ ಮೊದಲು ಬಣ್ಣವನ್ನು ಕೇಳುತ್ತೇವೆ. ಹುಟ್ಟಿದ ಮಗು ಕಪ್ಪಗಿದ್ದರೆ ಮುಖ ಸಣ್ಣದು ಮಾಡುತ್ತೇವೆ. ದೇವಾಲಯದ ಬೆಂಚಿನಲ್ಲಿಯೂ ಲೈನ್ ಮನೆಯವರು ತಾವಾಗಿಯೇ ಹಿಂದೆ ಕುಳಿತರೆ ಅದನ್ನು ಸಹಜವೆಂದು ತಿಳಿಯುತ್ತೇವೆ. ಇದನ್ನು ನಾನು ನಿಮ್ಮ ಮೇಲೆ ಹೊರಿಸುತ್ತಿಲ್ಲ. ವರ್ಷಗಟ್ಟಲೆ ಪೀಠದಿಂದ ಅದನ್ನು ನೋಡುತ್ತಾ ಸುಮ್ಮನಿದ್ದವನು ನಾನು.

ಪುನರುತ್ಥಾನರಾದ ಪ್ರಭು ಯೇಸುಕ್ರಿಸ್ತರು ಶಿಷ್ಯರಿಗೆ ಕಾಣಿಸಿಕೊಂಡಾಗ ತೋರಿಸಿದುದು ತಮ್ಮ ಮುಖದ ಕಾಂತಿಯನ್ನಲ್ಲ, ಕೈಗಳ ಮತ್ತು ಪಕ್ಕೆಯ ಗಾಯಗಳನ್ನು. ಮಹಿಮೆಗೇರಿದ ಆ ದೇಹದಲ್ಲಿಯೂ ದುಡಿದ, ನೊಂದ ಗುರುತುಗಳು ಅಳಿಯಲಿಲ್ಲ. ಹಾಗಾದರೆ ಕಾಫಿ ಕೊಯ್ದು ಕಪ್ಪುಗಟ್ಟಿದ ಕೈಗಳಿಗೆ ಸ್ವರ್ಗದಲ್ಲಿ ಸ್ಥಳವಿಲ್ಲವೇ?

ಮುಂದಿನ ಭಾನುವಾರ ಆ ಮಗುವನ್ನು ಕರೆದು ಉತ್ತರ ಹೇಳಿದೆನು: "ಇಲ್ಲಮ್ಮ, ಅಲ್ಲಿ ಎಲ್ಲ ಬಣ್ಣದವರೂ ಇದ್ದಾರೆ. ಮರಿಯಮ್ಮನವರು ಬಿಸಿಲಿನ ನಾಡಿನವರು. ನಿನ್ನ ಅಮ್ಮನ ಹಾಗೆ ನೀರು ಹೊತ್ತವರು." ಅವಳು ಸ್ವಲ್ಪ ಹೊತ್ತು ಯೋಚಿಸಿ, "ಹಂಗಾದ್ರೆ ಸ್ವರೂಪಕ್ಕೆ ಯಾಕೆ ಫಾದರ್ ಆ ಬಣ್ಣ ಹೊಡ್ಸಿದ್ದು?" ಎಂದಳು. ಈ ಪ್ರಶ್ನೆಯನ್ನು ಶತಮಾನೋತ್ಸವ ಸಮಿತಿಯ ಮುಂದೆ ಇಟ್ಟಿದ್ದೇನೆ.

ಎರಡನೆಯ ಶತಮಾನಕ್ಕೆ ಕಾಲಿಡುತ್ತಿರುವ ನಮ್ಮ ಧರ್ಮಕೇಂದ್ರದಲ್ಲಿ ಪ್ರತಿಯೊಂದು ಮುಖದಲ್ಲಿಯೂ ಸೃಷ್ಟಿಕರ್ತನ ಹೋಲಿಕೆಯನ್ನು ಕಾಣುವ ಕಣ್ಣುಗಳನ್ನು ಪ್ರಭುವು ನಮಗೆಲ್ಲರಿಗೂ ಅನುಗ್ರಹಿಸಲಿ.