ಕೊಲೆಸ್ಟೆರಾಲ್ ವಾದದಲ್ಲಿ ಅನ್ವಯವ್ಯತಿರೇಕಗಳು

ಒಂದು ಪದಾರ್ಥಕ್ಕೆ ಅದು ಮೊದಲು ಗೋಚರವಾದ ಸ್ಥಾನದಿಂದ ಹೆಸರುಂಟಾಗುವುದೂ, ಅದರ ಮುಖ್ಯ ವ್ಯಾಪಾರವು ಮತ್ತೊಂದೆಡೆಯಲ್ಲಿರುವುದೂ ಶಬ್ದಶಾಸ್ತ್ರಜ್ಞರಿಗೆ ಹೊಸದಲ್ಲ. ಕೊಲೆಸ್ಟೆರಾಲ್ ಎಂಬ ಶಬ್ದವು ಇದಕ್ಕೆ ಒಳ್ಳೆಯ ನಿದರ್ಶನ. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಫ್ರಾನ್ಸ್ ದೇಶದ ಪುಲ್ತಿಯೇ ದ ಲಾ ಸಾಲ್ ಎಂಬುವನು ಪಿತ್ತಕೋಶದ ಕಲ್ಲುಗಳಲ್ಲಿ ಇದನ್ನು ಕಂಡನು. 1815ರ ಸುಮಾರಿಗೆ ಷೆವ್ರಲ್ ಎಂಬ ರಸಾಯನಜ್ಞನು ಗ್ರೀಕ್ ಭಾಷೆಯಲ್ಲಿ ಪಿತ್ತವಾಚಕವಾದ ‘ಖೊಲೆ’ ಎಂಬುದನ್ನೂ ಘನವಾಚಕವಾದ ‘ಸ್ಟೆರೆಯೋಸ್’ ಎಂಬುದನ್ನೂ ಕೂಡಿಸಿ ‘ಕೊಲೆಸ್ಟೆರಿನ್’ ಎಂದು ಕರೆದನು. 1859ರಲ್ಲಿ ಬೆರ್ತೆಲೊ ಎಂಬುವನು ಇದು ಆಲ್ಕೊಹಾಲ್ ವರ್ಗಕ್ಕೆ ಸೇರಿದುದೆಂದು ತೋರಿಸಿದನು. ಆ ವರ್ಗದ ಚಿಹ್ನೆಯೇ ಶಬ್ದದ ಈಗಿನ ಅಂತ್ಯ.

ಹೀಗೆ ಹೆಸರಿನ ಅರ್ಥವು ‘ಘನಪಿತ್ತ’ವೆಂದಾಯಿತು. ಆದರೆ ಈ ಪದಾರ್ಥವು ನಮ್ಮ ದೇಹದ ಎಲ್ಲ ಜೀವಕೋಶಗಳ ಪೊರೆಯಲ್ಲಿಯೂ ಇದೆ. ಪಿತ್ತಾಮ್ಲಗಳಿಗೂ ಹಲವು ಹಾರ್ಮೋನುಗಳಿಗೂ ಇದೇ ಮೂಲದ್ರವ್ಯ. ದೇಹವು ಇದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಇಂತಹ ಜೀವನಾಧಾರವಾದ ವಸ್ತುವನ್ನು ಹೃದ್ರೋಗಕ್ಕೆ ಕಾರಣವೆಂದು ಹೇಳುವುದು ಯಾವ ಅರ್ಥದಲ್ಲಿ, ಯಾವ ಪ್ರಮಾಣದಿಂದ? ನಮ್ಮ ತಾರ್ಕಿಕರ ಅನ್ವಯವ್ಯತಿರೇಕಗಳ ಕ್ರಮವನ್ನು ಹಿಡಿದು ಇದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಹೃದಯಕ್ಕೆ ರಕ್ತವನ್ನೊಯ್ಯುವ ಧಮನಿಗಳ ಒಳಗೋಡೆಯಲ್ಲಿ ಗಂಜಿಯಂತಹ ದ್ರವ್ಯವು ಸೇರಿ, ಗೋಡೆಯು ಗಡುಸಾಗಿ, ದಾರಿ ಕಿರಿದಾಗುವ ರೋಗಕ್ಕೆ 1904ರಲ್ಲಿ ಜರ್ಮನಿಯ ಮಾರ್ಷಾಂಡನು ಗಂಜಿ, ಕಾಠಿನ್ಯ ಎಂಬೀ ಅರ್ಥಗಳ ಗ್ರೀಕ್ ಪದಗಳಿಂದ ‘ಅಥೆರೋಸ್ಕ್ಲೆರೋಸಿಸ್’ ಎಂದು ಹೆಸರಿಟ್ಟನು. ರೋಗಗ್ರಸ್ತವಾದ ಮಹಾಧಮನಿಯಲ್ಲಿ ಕೊಲೆಸ್ಟೆರಾಲು ಸಹಜಸ್ಥಿತಿಯಲ್ಲಿರುವುದಕ್ಕಿಂತ ಬಹಳ ಹೆಚ್ಚಾಗಿದೆಯೆಂದು 1910ರಲ್ಲಿ ವಿಂಡೌಸನು ತೋರಿಸಿದನು. ಆದರೆ ಇದು ಕೇವಲ ಸಾಹಚರ್ಯ. ಮನೆ ಸುಟ್ಟ ಸ್ಥಳದಲ್ಲಿ ಬೂದಿಯಿರುವುದರಿಂದ ಬೂದಿಯೇ ಮನೆಯನ್ನು ಸುಟ್ಟಿತೆಂದು ಹೇಳಲಾಗದಷ್ಟೆ.

1913ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಅನಿಚ್ಕೋವ್, ಹಲಾತೊವ್ ಎಂಬಿಬ್ಬರು ಶುದ್ಧ ಕೊಲೆಸ್ಟೆರಾಲನ್ನು ಸೂರ್ಯಕಾಂತಿ ಎಣ್ಣೆಯಲ್ಲಿ ಕರಗಿಸಿ ಮೊಲಗಳಿಗೆ ತಿನ್ನಿಸಿದರು. ಮೊಲಗಳ ಧಮನಿಗಳಲ್ಲಿ ಮನುಷ್ಯರ ರೋಗವನ್ನೇ ಹೋಲುವ ವಿಕಾರವುಂಟಾಯಿತು. ಕಾರಣವಿದ್ದರೆ ಕಾರ್ಯವಿರುವುದೆಂಬ ಅನ್ವಯವು ಇಲ್ಲಿ ಮೊದಲು ದೊರೆಯಿತು. ಆದರೂ ವಿದ್ವಾಂಸರು ಒಪ್ಪಲಿಲ್ಲ. ಅದಕ್ಕೆ ಯುಕ್ತಿಯೂ ಇತ್ತು. ಇಲಿ, ನಾಯಿಗಳಿಗೆ ಅದೇ ಆಹಾರವನ್ನು ಕೊಟ್ಟಾಗ ರೋಗವು ಬರಲಿಲ್ಲ. ಹೇತುವಿದ್ದೂ ಸಾಧ್ಯವಿಲ್ಲದಿರುವ ಇಂತಹ ಸ್ಥಳದಲ್ಲಿ ನಮ್ಮವರು ವ್ಯಭಿಚಾರದೋಷವನ್ನು ಹೇಳುವರು. ಮೊಲವು ಶಾಕಾಹಾರಿಯೆಂದೂ, ಧಮನಿಗಳ ಗಡಸುತನವು ಮುಪ್ಪಿನ ಸ್ವಭಾವವೆಂದೂ ಆಕ್ಷೇಪಗಳು ಬಂದವು.

ಈ ದೋಷವು ವಾದವನ್ನು ಮುರಿಯಲಿಲ್ಲ, ಹೇತುವನ್ನು ತಿದ್ದಿತು. ಇಲಿ, ನಾಯಿಗಳು ತಿಂದ ಕೊಲೆಸ್ಟೆರಾಲನ್ನು ಪಿತ್ತಾಮ್ಲವಾಗಿ ಮಾರ್ಪಡಿಸಿ ಕಳೆಯುವುದರಲ್ಲಿ ಸಮರ್ಥವಾದುವು. ಆದಕಾರಣ ಅವುಗಳ ರಕ್ತದಲ್ಲಿ ಅದು ಸುಲಭವಾಗಿ ಏರದು. 1946ರಲ್ಲಿ ಸ್ಟೈನರ್, ಕೆಂಡಲ್ ಎಂಬುವರು ಥೈರಾಯಿಡ್ ಗ್ರಂಥಿಯ ಕೆಲಸವನ್ನು ತಗ್ಗಿಸುವ ಔಷಧವನ್ನೂ ಜೊತೆಗೆ ಕೊಟ್ಟಾಗ ನಾಯಿಗಳ ರಕ್ತದಲ್ಲಿ ಕೊಲೆಸ್ಟೆರಾಲು ಏರಿ, ರೋಗವೂ ಬಂದಿತು. ಆದುದರಿಂದ ಹೇತುವು ಉಣ್ಣುವ ಕೊಲೆಸ್ಟೆರಾಲಲ್ಲ, ರಕ್ತದಲ್ಲಿ ಏರಿದ ಕೊಲೆಸ್ಟೆರಾಲು ಎಂದು ತಿಳಿಯಬೇಕು.

ಇದೂ ಸಾಲದು. ಕೊಬ್ಬು ನೀರಿನಲ್ಲಿ ಬೆರೆಯುವುದಿಲ್ಲವಾಗಿ, ರಕ್ತದಲ್ಲಿ ಅದು ಪ್ರೋಟೀನಿನೊಡನೆ ಕೂಡಿದ ಲೈಪೊಪ್ರೋಟೀನ್ ಎಂಬ ಕಣಗಳನ್ನೇರಿ ಸಂಚರಿಸುತ್ತದೆ. 1929ರಲ್ಲಿ ಪ್ಯಾರಿಸಿನ ಮಾಷ್‌ಬಫನು ಕುದುರೆಯ ರಕ್ತದ್ರವದಿಂದ ಇಂತಹ ದ್ರವ್ಯವೊಂದನ್ನು ಬೇರ್ಪಡಿಸಿದನು. ಅಮೆರಿಕೆಯ ಬರ್ಕ್ಲಿಯಲ್ಲಿ ಗಾಫ್‌ಮನ್ನನು ಅತಿವೇಗವಾಗಿ ತಿರುಗುವ ಯಂತ್ರದಿಂದ ಈ ಕಣಗಳನ್ನು ಸಾಂದ್ರತೆಗನುಸಾರವಾಗಿ ವಿಂಗಡಿಸಿ, ಅವುಗಳಿಗೂ ಹೃದ್ರೋಗಕ್ಕೂ ಇರುವ ಸಂಬಂಧವನ್ನು 1950ರಲ್ಲಿ ಪ್ರಕಟಿಸಿದನು. ಕಡಿಮೆ ಸಾಂದ್ರತೆಯ ಕಣವು ಎಲ್‌ಡಿಎಲ್, ಹೆಚ್ಚಿನದು ಎಚ್‌ಡಿಎಲ್. ಜನರು ಇವುಗಳನ್ನು ಕೆಟ್ಟ ಕೊಲೆಸ್ಟೆರಾಲ್, ಒಳ್ಳೆಯ ಕೊಲೆಸ್ಟೆರಾಲ್ ಎನ್ನುವರು. ಆದರೆ ಸರಕು ಒಂದೇ, ವಾಹನ ಬೇರೆ.

ಇನ್ನು ಪ್ರಕೃತಿಯೇ ಮಾಡಿಟ್ಟ ಒಂದು ಪರೀಕ್ಷೆಯುಂಟು. ಕೆಲವು ಕುಟುಂಬಗಳಲ್ಲಿ ಹುಟ್ಟಿನಿಂದಲೇ ಎಲ್‌ಡಿಎಲ್ ಅಧಿಕವಾಗಿದ್ದು, ತಾಯಿತಂದೆಗಳಿಬ್ಬರಿಂದಲೂ ದೋಷವನ್ನು ಪಡೆದ ಮಕ್ಕಳಿಗೆ ಬಾಲ್ಯದಲ್ಲಿಯೇ ಹೃದಯಾಘಾತವಾಗಬಹುದು. ಎಲ್‌ಡಿಎಲ್ ಕಣವನ್ನು ಒಳಗೊಳ್ಳುವ ಗ್ರಾಹಕವು ಇವರ ಜೀವಕೋಶಗಳಲ್ಲಿ ಇಲ್ಲದಿರುವುದೇ ಇದಕ್ಕೆ ಕಾರಣವೆಂದು ಬ್ರೌನ್, ಗೋಲ್ಡ್‌ಸ್ಟೈನ್ ಎಂಬುವರು 1970ರ ದಶಕದಲ್ಲಿ ನಿರ್ಣಯಿಸಿ, 1985ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ಈ ಮಕ್ಕಳಲ್ಲಿ ಮುಪ್ಪೆಂಬ ಉಪಾಧಿಗೆ ಅವಕಾಶವೆಲ್ಲಿ?

ಉಳಿದುದು ವ್ಯತಿರೇಕ: ಕಾರಣವನ್ನು ತಗ್ಗಿಸಿದರೆ ಕಾರ್ಯವೂ ತಗ್ಗುವುದೆ? ಜಪಾನಿನ ಅಕಿರ ಎಂಡೊ ಎಂಬುವನು ಒಂದು ಬೂಷ್ಟಿನಿಂದ ತೆಗೆದ ದ್ರವ್ಯವು, ದೇಹವು ಕೊಲೆಸ್ಟೆರಾಲನ್ನು ತಯಾರಿಸುವುದನ್ನು ತಡೆಯುವುದೆಂದು 1976ರಲ್ಲಿ ಪ್ರಕಟಿಸಿದನು. ಆ ವರ್ಗದ ಸ್ಟಾಟಿನ್ ಔಷಧವೊಂದನ್ನು ಸ್ಕಾಂಡಿನೇವಿಯಾದಲ್ಲಿ 4,444 ಮಂದಿ ಹೃದ್ರೋಗಿಗಳ ಮೇಲೆ ಪರೀಕ್ಷಿಸಿ 1994ರಲ್ಲಿ ಫಲವನ್ನು ಸಾರಿದರು. ಸುಮಾರು ಐದು ವರ್ಷಗಳಲ್ಲಿ ಔಷಧವಿಲ್ಲದ ಗುಂಪಿನಲ್ಲಿ 256 ಮಂದಿ ಮಡಿದರೆ, ಔಷಧವುಂಡ ಗುಂಪಿನಲ್ಲಿ ಮಡಿದವರು 182. ಎಂಬತ್ತು ವರ್ಷಗಳಿಗೂ ಮೀರಿ ಕಾದಿದ್ದ ವ್ಯತಿರೇಕವು ಹೀಗೆ ಸಿದ್ಧಿಸಿತು.

ಈ ಕ್ರಮದ ಬೆಲೆಯನ್ನು ಎಚ್‌ಡಿಎಲ್‌ನ ಕಥೆಯು ಇನ್ನೂ ಚೆನ್ನಾಗಿ ತೋರಿಸುತ್ತದೆ. ಅದು ಹೆಚ್ಚಾಗಿರುವವರಲ್ಲಿ ಹೃದ್ರೋಗವು ಕಡಿಮೆಯೆಂಬುದು ದಿಟ. ಆದರೆ ಅದನ್ನು ಏರಿಸುವ ಟಾರ್ಸೆಟ್ರಾಪಿಬ್ ಎಂಬ ಔಷಧದ ದೊಡ್ಡ ಪರೀಕ್ಷೆಯನ್ನು, ಔಷಧವುಂಡವರಲ್ಲಿಯೇ ಸಾವು ಹೆಚ್ಚಾದುದರಿಂದ 2006ರಲ್ಲಿ ನಿಲ್ಲಿಸಬೇಕಾಯಿತು. ಆ ಔಷಧಕ್ಕೆ ರಕ್ತದೊತ್ತಡವನ್ನು ಏರಿಸುವ ದೋಷವೂ ಇದ್ದಿತು. ಆದರೂ ಎಚ್‌ಡಿಎಲ್ ಏರಿದ ಮಾತ್ರಕ್ಕೆ ರಕ್ಷಣೆ ದೊರೆಯಲಿಲ್ಲವೆಂಬುದು ಸ್ಪಷ್ಟ. ಜೊತೆಯಲ್ಲಿರುವುದೆಲ್ಲವೂ ಕಾರಣವಲ್ಲ.

ಅನ್ಯಥಾ ಗ್ರಹಿಸಬಾರದಾದುದು ಎರಡುಂಟು. ಎಲ್‌ಡಿಎಲ್ ಒಂದೇ ರೋಗವನ್ನು ತರುವುದೆಂದಲ್ಲ. ಧೂಮಪಾನ, ರಕ್ತದೊತ್ತಡ, ಮಧುಮೇಹಗಳೂ ಕಾರಣಸಾಮಗ್ರಿಯಲ್ಲಿ ಸೇರಿವೆ. ಎರಡನೆಯದು, ಚರಕಸಂಹಿತೆಯ ಪಂಚವಿಧ ಹೃದ್ರೋಗಗಳಲ್ಲಿಯೂ ಮೇದಸ್ಸಿನಲ್ಲಿಯೂ ಈ ಸಿದ್ಧಾಂತವೇ ಅಡಗಿದೆಯೆಂದು ಕೆಲವರು ಅಭಿಮಾನದಿಂದ ಹೇಳುವರು. ಅತಿಸ್ಥೌಲ್ಯವು ಆಯುಸ್ಸನ್ನು ಕುಂದಿಸುವುದೆಂದು ಚರಕನು ಕಂಡುದು ನಿಜ. ಅದು ಅವನ ನಿಜವಾದ ಕೀರ್ತಿ. ಧಮನಿಯ ಗೋಡೆಯಲ್ಲಿ ಸೇರಿದ ದ್ರವ್ಯವನ್ನು ಬೇರ್ಪಡಿಸಿ ತೂಗದೆ ಹುಟ್ಟಲಾರದ ಮತವನ್ನು ಅವನಿಗೆ ಆರೋಪಿಸಿದರೆ, ಅವನ ಕೀರ್ತಿಯು ಬೆಳೆಯುವುದಿಲ್ಲ, ನಮ್ಮ ವಿಮರ್ಶೆಯ ಬೆಲೆಯು ಮಾತ್ರ ಇಳಿಯುತ್ತದೆ. ಶಬ್ದಸಾಮ್ಯದಿಂದ ಕವಿಗಳ ಕಾಲವನ್ನು ನಿರ್ಣಯಿಸಹೊರಡುವ ನಾವೂ ಮೊಲಗಳೊಡನೆ ನಾಯಿಗಳನ್ನೂ ಪರೀಕ್ಷಿಸಿ ನೋಡಿದೆವೇ ಎಂದು ಕೇಳಿಕೊಳ್ಳುವುದು ಮೇಲು.